ಉಚಿತ ಶಿಕ್ಷಣ: ಪೋಷಕರ ಹಕ್ಕು ಮತ್ತು ಶಾಲಾ ಅನುದಾನದ ಬಗ್ಗೆ ಮಾಹಿತಿ
(ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ ಮತ್ತು ಶಿಡ್ಲಘಟ್ಟ ತಾಲ್ಲೂಕುಗಳು)

ಪೀಠಿಕೆ
ಸರ್ಕಾರಿ ಶಾಲೆಯು ಉಚಿತವಾದ್ದರಿಂದ ಅಲ್ಲಿ ಏನನ್ನೂ ಕೇಳುವಂತಿಲ್ಲ ಎಂಬ ಭಾವನೆ ಅನೇಕ ಪೋಷಕರಲ್ಲಿದೆ. ಇದು ಸರಿಯಲ್ಲ. ಉಚಿತ ಶಿಕ್ಷಣವು ದಾನವಲ್ಲ. ಬೆಂಕಿಪೊಟ್ಟಣ ಕೊಳ್ಳುವ ಕೂಲಿಕಾರನೂ ಸೇರಿದಂತೆ ಸಮಸ್ತ ನಾಗರಿಕರ ತೆರಿಗೆಯಿಂದ ನಡೆಯುವ ವ್ಯವಸ್ಥೆ ಇದಾಗಿದೆ. ಆದುದರಿಂದ ಕೇಳುವ ಹಕ್ಕು ಪ್ರತಿಯೊಬ್ಬ ಪೋಷಕರಿಗೂ ಇರುತ್ತದೆ.

ಹಿನ್ನೆಲೆ
ಮುದ್ದೇನಹಳ್ಳಿಯಲ್ಲಿ ಜನಿಸಿದ ಸರ್ ಎಂ. ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ, 1913ರಲ್ಲಿ, ಮೈಸೂರು ಸಂಸ್ಥಾನದ ಆಯ್ದ ಪ್ರದೇಶಗಳಲ್ಲಿ ಪ್ರಾಥಮಿಕ ಶಿಕ್ಷಣವನ್ನು ಕಡ್ಡಾಯಗೊಳಿಸಲು ಶಾಸನ ಜಾರಿಗೆ ಬಂದಿತು. ಗೌರಿಬಿದನೂರು ತಾಲ್ಲೂಕು ಹೊಸೂರಿನ ಬಡ ಕುಟುಂಬದಲ್ಲಿ 1920ರಲ್ಲಿ ಜನಿಸಿದ ಡಾ. ಎಚ್. ನರಸಿಂಹಯ್ಯನವರು ಊರಿನ ಸರ್ಕಾರಿ ಶಾಲೆಯಲ್ಲಿ ಓದಿ, ಬೆಂಗಳೂರಿನ ನ್ಯಾಷನಲ್ ಹೈಸ್ಕೂಲಿಗೆ ಸೇರಲು ಕಾಲ್ನಡಿಗೆಯಲ್ಲಿ ತೆರಳಿದರು. ಮುಂದೆ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಗಳಾದರು. ಇಂದು ಯಾವ ಮಗುವೂ ಇಷ್ಟು ಶ್ರಮಪಡಬೇಕಾಗಿಲ್ಲ. 2010ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಶಿಕ್ಷಣ ಹಕ್ಕು ಕಾಯ್ದೆ, 2009ರಂತೆ 6ರಿಂದ 14 ವರ್ಷದ ಪ್ರತಿ ಮಗುವಿಗೂ ನೆರೆಹೊರೆಯ ಶಾಲೆಯಲ್ಲಿ ಉಚಿತ ಶಿಕ್ಷಣ ಪಡೆಯುವ ಹಕ್ಕಿದೆ.

ಹಣದ ಮೂಲ
ಸಮಗ್ರ ಶಿಕ್ಷಣ ಯೋಜನೆಯ ವೆಚ್ಚವನ್ನು ಕೇಂದ್ರ ಮತ್ತು ರಾಜ್ಯ ಸರ್ಕಾರಗಳು 60:40ರ ಅನುಪಾತದಲ್ಲಿ ಭರಿಸುತ್ತವೆ. 2002ರಲ್ಲಿ ಆರಂಭವಾದ ಅಕ್ಷರ ದಾಸೋಹದ ಬಿಸಿಯೂಟ ಹಾಗೂ 2013ರಲ್ಲಿ ಆರಂಭವಾದ ಕ್ಷೀರಭಾಗ್ಯದ ಹಾಲು ಸಹ ಸಾರ್ವಜನಿಕ ಹಣದಿಂದಲೇ ಬರುತ್ತವೆ.

ದಾಖಲಾತಿ ಕುರಿತು ಗಮನಿಸಬೇಕಾದ ಅಂಶಗಳು
1. ಜನನ ಪ್ರಮಾಣಪತ್ರ ಇಲ್ಲವೆಂಬ ಕಾರಣಕ್ಕೆ ದಾಖಲಾತಿ ನಿರಾಕರಿಸುವಂತಿಲ್ಲ.
2. ವರ್ಗಾವಣೆ ಪತ್ರ ತಡವಾದ ಕಾರಣಕ್ಕೂ ನಿರಾಕರಿಸುವಂತಿಲ್ಲ.
3. ನಿಗದಿತ ಅವಧಿ ಮುಗಿದ ನಂತರ ಬಂದ ಮಗುವನ್ನೂ ಸೇರಿಸಿಕೊಳ್ಳತಕ್ಕದ್ದು.
4. ಶಾಲೆ ಬಿಟ್ಟ ಅಥವಾ ಎಂದೂ ಸೇರದ ಮಗುವನ್ನು ವಯಸ್ಸಿಗೆ ತಕ್ಕ ತರಗತಿಗೆ ಸೇರಿಸಿ ವಿಶೇಷ ತರಬೇತಿ ನೀಡತಕ್ಕದ್ದು.
5. ಯಾವುದೇ ಶಾಲೆಯು ಕ್ಯಾಪಿಟೇಷನ್ ಶುಲ್ಕ ಪಡೆಯುವುದಾಗಲಿ, ದಾಖಲಾತಿಗಾಗಿ ಮಗು ಅಥವಾ ಪೋಷಕರನ್ನು ಪರೀಕ್ಷಿಸುವುದಾಗಲಿ ನಿಷಿದ್ಧ.
6. ಅನುದಾನರಹಿತ ಖಾಸಗಿ ಶಾಲೆಗಳ ಶೇ. 25ರ ಸೀಟುಗಳಿಗೆ ಸಂಬಂಧಿಸಿದ ನಿಯಮವು 2019ರಲ್ಲಿ ತಿದ್ದುಪಡಿಯಾಗಿದೆ. ನೆರೆಹೊರೆಯಲ್ಲಿ ಸರ್ಕಾರಿ ಅಥವಾ ಅನುದಾನಿತ ಶಾಲೆ ಇದ್ದಲ್ಲಿ ಸದರಿ ಸೌಲಭ್ಯ ದೊರೆಯುವುದಿಲ್ಲ. ಸೀಟು ಕೊಡಿಸುವುದಾಗಿ ಹೇಳುವ ಮಧ್ಯವರ್ತಿಗಳಿಗೆ ಹಣ ನೀಡಬಾರದು.

ದುಡಿಯುವ ಮಕ್ಕಳು
ಶಿಡ್ಲಘಟ್ಟ, ಚಿಂತಾಮಣಿ ಭಾಗದ ರೇಷ್ಮೆ ಕಸುಬಿನಲ್ಲಿ ಹುಳು ಹಣ್ಣಾಗುವ ದಿನಗಳಲ್ಲಿ ಮನೆಯ ಎಲ್ಲ ಕೈಗಳೂ ಬೇಕಾಗುತ್ತವೆ. "ನಾಲ್ಕು ದಿನ ತಾನೆ" ಎಂದು ಮಗುವನ್ನು ನಿಲ್ಲಿಸಿಕೊಳ್ಳುವುದೂ ಉಂಟು. ನಾಲ್ಕು ದಿನದ ಪಾಠ ತಪ್ಪಿದ ಮಗು ಐದನೆಯ ದಿನ ತರಗತಿಗೆ ಹೋಗಲು ಹಿಂಜರಿಯುತ್ತದೆ. ಬೆಳೆ ಬೆಳೆಗೂ ಹೀಗಾದರೆ ಶಾಲೆಯೇ ತಪ್ಪುತ್ತದೆ. 2016ರ ತಿದ್ದುಪಡಿಯಂತೆ 14 ವರ್ಷದೊಳಗಿನ ಮಕ್ಕಳನ್ನು ಯಾವ ಕೆಲಸಕ್ಕೂ ನೇಮಿಸಿಕೊಳ್ಳುವಂತಿಲ್ಲ. ಮನೆಯ ಅಪಾಯಕಾರಿಯಲ್ಲದ ಕಸುಬಿನಲ್ಲಿ ನೆರವಾಗುವುದಿದ್ದರೂ ಅದು ಶಾಲಾ ಅವಧಿಯ ನಂತರ ಅಥವಾ ರಜೆಯಲ್ಲಿ ಮಾತ್ರ. ದುಡಿಯುತ್ತಿರುವ ಮಗು ಕಂಡುಬಂದಲ್ಲಿ 1098ಕ್ಕೆ ತಿಳಿಸಬಹುದು.

ಶಾಲಾಭಿವೃದ್ಧಿ ಸಮಿತಿ
ಸರ್ಕಾರಿ ಶಾಲೆಗಳಲ್ಲಿ ಎಸ್.ಡಿ.ಎಂ.ಸಿ. ವ್ಯವಸ್ಥೆಯು 2001ರಿಂದ ಇದೆ. ಶಿಕ್ಷಣ ಹಕ್ಕು ಕಾಯ್ದೆಯ ಕಲಂ 21ರಂತೆ ಸಮಿತಿಯ ಮುಕ್ಕಾಲು ಭಾಗ ಸದಸ್ಯರು ಪೋಷಕರೂ, ಅರ್ಧದಷ್ಟು ಸದಸ್ಯರು ಮಹಿಳೆಯರೂ ಆಗಿರತಕ್ಕದ್ದು. ಶಾಲೆಗೆ ಬಂದ ಅನುದಾನದ ಬಳಕೆಯನ್ನು ಪರಿಶೀಲಿಸುವುದು ಸಮಿತಿಯ ಕರ್ತವ್ಯ. ಮನೆಯಲ್ಲಿ ತೆಲುಗು ಅಥವಾ ಉರ್ದು ಆಡುವವರು, ಓದು ಬಾರದವರು ಸಹ ಸಭೆಯಲ್ಲಿ ಲೆಕ್ಕವನ್ನು ಓದಿ ಹೇಳುವಂತೆ ಕೇಳಬಹುದು. ಕೇಳಲು ಸಂಕೋಚಪಡಬೇಕಾಗಿಲ್ಲ.

ಮಾಹಿತಿ ಮತ್ತು ದೂರು
ಶಾಲೆಯ ಲೆಕ್ಕಪತ್ರಗಳ ಪ್ರತಿಯನ್ನು ಮಾಹಿತಿ ಹಕ್ಕು ಕಾಯ್ದೆ, 2005ರಡಿ ರೂ. 10 ಶುಲ್ಕದೊಂದಿಗೆ ಅರ್ಜಿ ಸಲ್ಲಿಸಿ ಕೋರಬಹುದು. ಬಡತನ ರೇಖೆಗಿಂತ ಕೆಳಗಿನವರಿಗೆ ಅರ್ಜಿ ಶುಲ್ಕವಿಲ್ಲ. 30 ದಿನಗಳೊಳಗೆ ಉತ್ತರ ನೀಡತಕ್ಕದ್ದು. ದಾಖಲಾತಿ ನಿರಾಕರಿಸಿದಲ್ಲಿ ಮೊದಲು ಮುಖ್ಯ ಶಿಕ್ಷಕರಿಗೆ, ನಂತರ ಆಯಾ ತಾಲ್ಲೂಕಿನ ಕ್ಷೇತ್ರ ಶಿಕ್ಷಣಾಧಿಕಾರಿಗಳ ಕಛೇರಿಗೆ ಲಿಖಿತ ದೂರು ನೀಡಿ ಸ್ವೀಕೃತಿ ಪಡೆಯುವುದು. ಕಲಂ 32ರಂತೆ ಸ್ಥಳೀಯ ಪ್ರಾಧಿಕಾರವು ದೂರನ್ನು 3 ತಿಂಗಳೊಳಗೆ ಇತ್ಯರ್ಥಪಡಿಸಬೇಕು. ದೂರು ಇತ್ಯರ್ಥವಾಗುವವರೆಗೆ ಮಗುವನ್ನು ಮನೆಯಲ್ಲಿ ಉಳಿಸಿಕೊಳ್ಳದೆ ಸಮೀಪದ ಶಾಲೆಗೆ ಕಳುಹಿಸಬೇಕೆಂದು ಪೋಷಕರಲ್ಲಿ ಕೋರಲಾಗಿದೆ.