ಗಾಲಿ ಕಚ್ಚಿಕೊಂಡ ಕಥೆ: ಎತ್ತಿನ ಗಾಡಿಯಿಂದ ತೋಟದ ಟ್ರ್ಯಾಕ್ಟರಿನವರೆಗೆ



ಬೆಳ್ಳಿಹಬ್ಬದ ಸಂಚಿಕೆ ಎಂದ ಮೇಲೆ ಷೇರು, ಸಾಲ, ಗೊಬ್ಬರದ ಲೆಕ್ಕವನ್ನು ಬೇರೆಯವರು ಬರೆದೇ ಬರೆಯುತ್ತಾರೆ. ನಾನು ಬರೆಯಹೊರಟಿರುವುದು ಗಾಲಿಯ ವಿಷಯ. ನಗಬೇಡಿ. ನಮ್ಮ ಸುತ್ತಿನ ಊರುಗಳಲ್ಲಿ ಹುಣಸೆ ಮರದ ಕೆಳಗೆ ತುಕ್ಕು ಹಿಡಿದು ನಿಂತಿರುವ ಹಳೆಯ ಟಿಲ್ಲರು, ಸಣ್ಣ ಟ್ರ್ಯಾಕ್ಟರುಗಳನ್ನು ಒಮ್ಮೆ ನೋಡಿ ಬನ್ನಿ. ಎಂಜಿನ್ ಕೆಟ್ಟು ನಿಂತವು ಕೆಲವು. ಹಿಂದಿನ ಗಾಲಿ ಬಿಚ್ಚಲಾಗದೆ ನಿಂತವೂ ಇವೆ! ಒಂದು ಆಯಿಲ್ ಸೀಲ್ ಬದಲಾಯಿಸಬೇಕು, ಅದಕ್ಕೆ ಗಾಲಿ ಕಳಚಬೇಕು, ಗಾಲಿ ಜಪ್ಪಯ್ಯ ಅಂದರೂ ಬರುವುದಿಲ್ಲ. ಕೊನೆಗೆ ಯಂತ್ರ ಗುಜರಿಯವನ ಪಾಲು.

ನಮ್ಮ ಹಿರಿಯರಿಗೆ ಈ ತಾಪತ್ರಯ ಇರಲಿಲ್ಲ. ಎತ್ತಿನ ಗಾಡಿಯ ಕಡಾಣಿ ಕಿತ್ತರೆ ಗಾಲಿ ಕೈಗೆ ಬರುತ್ತಿತ್ತು. ದೂರದ ಸಂತೆಗೆ ಹೊರಡುವ ಮುಂಚೆ ಗಾಲಿ ಜರುಗಿಸಿ ಅಚ್ಚಿಗೆ ಕೀಲೆಣ್ಣೆ ಬಳಿಯದೆ ಯಾರೂ ಗಾಡಿ ಹೂಡುತ್ತಿರಲಿಲ್ಲ. ಹರಳೆಣ್ಣೆಗೆ ಸುಟ್ಟ ಹುಲ್ಲಿನ ಮಸಿ ಕಲಸಿದರೆ ಕೀಲೆಣ್ಣೆ ಆಯಿತು. ನಮ್ಮ ಹಿರಿಯೂರು, ಹೊಸದುರ್ಗದ ಹೊಲಗಳಲ್ಲಿ ಹರಳಿಗೇನು ಬರವೇ? ಅಂದರೆ ಗಾಲಿಯನ್ನು ಆಗಾಗ ಕಳಚುವುದು ಒಂದು ರೂಢಿಯಾಗಿತ್ತು. ಆಮೇಲೆ ಬೇರಿಂಗು, ರಬ್ಬರ್ ಟೈರಿನ ಗಾಡಿಗಳು ಬಂದವು. ಎತ್ತುಗಳಿಗೆ ಸುಖವಾಯಿತು, ಆದರೆ ಈ ರೂಢಿ ಅಲ್ಲಿಗೇ ತಪ್ಪಿತು ಅಂತ ನನ್ನ ಅಭಿಪ್ರಾಯ.

ಟ್ರ್ಯಾಕ್ಟರಿಗೂ ಮೊದಲು ಇದ್ದದ್ದು ಹಲ್ಲಿನ ಕಬ್ಬಿಣದ ಗಾಲಿಯೇ. 1932ರಲ್ಲಿ ಅಮೆರಿಕದ ಆಲಿಸ್ ಚಾಮರ್ಸ್ ಕಂಪನಿಯವರು ಗಾಳಿ ತುಂಬಿದ ರಬ್ಬರ್ ಟೈರು ಹಾಕಿ ಟ್ರ್ಯಾಕ್ಟರ್ ಮಾರಲು ಶುರುಮಾಡಿದರು. ನಮ್ಮ ದೇಶದಲ್ಲಿ ತಯಾರಾದ ಮೊದಲ ಟ್ರ್ಯಾಕ್ಟರು ಐಷರ್ ಕಂಪನಿಯದು, 1959ರಲ್ಲಿ. ಬೆಂಗಳೂರಿನಲ್ಲಿ 1953ರಲ್ಲಿ ಹುಟ್ಟಿದ ಎಚ್.ಎಂ.ಟಿ. ಸಂಸ್ಥೆ 1971ರಲ್ಲಿ ಜೆಕೊಸ್ಲೊವಾಕಿಯಾದ ಜೆಟರ್ ಕಂಪನಿಯ ನೆರವಿನಿಂದ ಹರಿಯಾಣದ ಪಿಂಜೋರಿನಲ್ಲಿ ಟ್ರ್ಯಾಕ್ಟರ್ ಮಾಡತೊಡಗಿತು. 1967ರಲ್ಲಿ ಬೆಂಗಳೂರಿನಲ್ಲೇ ಶುರುವಾದ ವಿ.ಎಸ್.ಟಿ. ಕಂಪನಿ ಜಪಾನಿನ ಮಿತ್ಸುಬಿಷಿಯವರ ಸಹಯೋಗದಲ್ಲಿ ಪವರ್ ಟಿಲ್ಲರ್ ತಂದಿತು. ನಮ್ಮಂಥ ಸಣ್ಣ ಹಿಡುವಳಿದಾರರಿಗೆ ಒದಗಿದ್ದು ಇದೇ.

ಕಾರಣ ಸರಳ. ಭೀಮಸಮುದ್ರ, ಹೊಳಲ್ಕೆರೆ ಕಡೆ ಅಡಿಕೆ ಸಸಿಗಳನ್ನು ಸಾಮಾನ್ಯವಾಗಿ 9 ಅಡಿಗೆ 9 ಅಡಿ ಅಂತರದಲ್ಲಿ ನೆಡುತ್ತಾರೆ. ದೊಡ್ಡ ಟ್ರ್ಯಾಕ್ಟರು ಆ ಸಾಲಿನಲ್ಲಿ ತಿರುಗುವುದೇ ಕಷ್ಟ, ಬೇರಿಗೂ ಪೆಟ್ಟು. ಟಿಲ್ಲರು, ಸಣ್ಣ ಟ್ರ್ಯಾಕ್ಟರು ಸಲೀಸಾಗಿ ನುಗ್ಗುತ್ತವೆ. ಇನ್ನು 1898ರಲ್ಲಿ ಕೆಲಸ ಶುರುವಾಗಿ 1907ರಲ್ಲಿ ಮುಗಿದ ವಾಣಿವಿಲಾಸ ಸಾಗರದ, ಅಂದರೆ ನಮ್ಮ ಮಾರಿಕಣಿವೆಯ, ನಾಲೆ ಬಯಲಿನಲ್ಲಿ ಭತ್ತದ ಗದ್ದೆ ಕೆಸರು ಮಾಡಲು ಟಿಲ್ಲರಿಗೆ ರಬ್ಬರ್ ಗಾಲಿ ತೆಗೆದು ಕಬ್ಬಿಣದ ಕೇಜ್ ವೀಲ್ ಹಾಕುತ್ತಿದ್ದರು. ಭತ್ತ ಇರುವ ತನಕ ವರ್ಷಕ್ಕೆ ಒಂದೆರಡು ಸಲವಾದರೂ ಗಾಲಿ ಕಳಚುತ್ತಿತ್ತು. ಗದ್ದೆ ಹೋಗಿ ತೆಂಗು, ಅಡಿಕೆ ಬಂದ ಕಡೆ ಒಮ್ಮೆ ಹಾಕಿದ ಗಾಲಿಯನ್ನು ಹತ್ತು ಹದಿನೈದು ವರ್ಷ ಮುಟ್ಟಿದವರಿಲ್ಲ.

ಗಾಲಿ ಕಚ್ಚುವುದು ಹೇಗೆ? ದೊಡ್ಡ ಟ್ರ್ಯಾಕ್ಟರಿನಲ್ಲಿ ನಟ್ಟು ಬಿಚ್ಚಿದರೆ ಗಾಲಿಯ ತಟ್ಟೆ ಸಾಮಾನ್ಯವಾಗಿ ಬರುತ್ತದೆ. ಟಿಲ್ಲರು ಮತ್ತು ಕೆಲವು ಹಳೆಯ ಸಣ್ಣ ಯಂತ್ರಗಳಲ್ಲಿ ಹಾಗಲ್ಲ, ಗಾಲಿಯ ಹಬ್ ಆಕ್ಸಲ್ ದಂಡಿನ ಮೇಲೆ ಬಿಗಿಯಾಗಿ ಕೂತಿರುತ್ತದೆ. ನಡುವಿನ ಕೂದಲೆಳೆಯಷ್ಟು ಸಂದಿಗೆ ನೀರು, ಸಗಣಿ ಗಂಜಲ, ನಾವು ಸಂಘದಿಂದ ಒಯ್ಯುವ ಪೊಟ್ಯಾಷ್ ಗೊಬ್ಬರದ ಉಪ್ಪಿನಂಶ ಎಲ್ಲಾ ಇಳಿಯುತ್ತದೆ. ತುಕ್ಕು ತಾನು ತಿಂದ ಕಬ್ಬಿಣಕ್ಕಿಂತ ಹೆಚ್ಚು ಜಾಗ ಬೇಡುತ್ತದೆ. ಹೀಗೆ ಊದಿಕೊಂಡ ತುಕ್ಕೇ ಬೆಣೆ ಹೊಡೆದಂತೆ ಎರಡನ್ನೂ ಬಿಗಿಯುತ್ತದೆ.

ನಮ್ಮ ಸದಸ್ಯರೊಬ್ಬರ ಹಳೇ ಟಿಲ್ಲರಿಗೆ ಇದೇ ಆಯಿತು. ಪೇಟೆಯ ವರ್ಕ್‌ಶಾಪ್ ಒಂದರಲ್ಲಿ ಮೊದಲು ಆಕ್ಸಲ್ ತುದಿಗೆ ಸುತ್ತಿಗೆಯಿಂದ ಬಡಿದರು. ತುದಿ ಅಣಬೆಯಂತೆ ಅರಳಿತು. ಆಮೇಲೆ "ಗ್ಯಾಸ್ ಕಟ್ಟರಿನಲ್ಲಿ ಕೊಯ್ದು ಬಿಡೋಣ" ಎಂದರು. ಕೊಯ್ದರೆ ಆಕ್ಸಲ್ ಹೊಸದಾಗಬೇಕು. ಅದು ಸಿಗುವ ಯಂತ್ರವಾದರೆ ಸರಿ. ಎಚ್.ಎಂ.ಟಿ. ಟ್ರ್ಯಾಕ್ಟರ್ ಘಟಕವನ್ನು ಮುಚ್ಚಲು 2016ರಲ್ಲಿ ಕೇಂದ್ರ ಸರ್ಕಾರ ತೀರ್ಮಾನಿಸಿತಲ್ಲ, ಅಂಥ ನಿಂತುಹೋದ ಯಂತ್ರಗಳ ಸಾಮಾನಿಗೆ ಗುಜರಿ ಅಂಗಡಿಯೇ ಗತಿ.

ಅವರು ಟಿಲ್ಲರನ್ನು ಹಾಗೇ ವಾಪಸ್ ತಂದರು. ಊರಿನ ಕಮ್ಮಾರರು ನೋಡಿ, "ಗಾಡಿಗೆ ಹಳಿ ಹಾಕೋದನ್ನ ನೀವು ನೋಡಿಲ್ವೇನಪ್ಪಾ?" ಎಂದು ಕೇಳಿದರು. ನಿಜ, ಹಳಿಯನ್ನು ಬೆಂಕಿಯಲ್ಲಿ ಕೆಂಪಗೆ ಕಾಯಿಸಿದರೆ ಹಿಗ್ಗುತ್ತದೆ, ಮರದ ಗಾಲಿಗೆ ತೊಡಿಸಿ ನೀರು ಹೊಯ್ದರೆ ಕುಗ್ಗಿ ಹಿಡಿಯುತ್ತದೆ. ಕಚ್ಚಿದ ಹಬ್ ಬಿಡಿಸುವುದಕ್ಕೂ ಇದೇ ವಿದ್ಯೆ. ಮೊದಲು ಗಟ್ಟಿ ನೆಲದಲ್ಲಿ ನಿಲ್ಲಿಸಿ, ಜ್ಯಾಕ್ ಕೊಟ್ಟು, ಅದರ ಜೊತೆಗೆ ಮರದ ದಿಮ್ಮಿಯನ್ನೂ ಇಟ್ಟರು. ಬರೀ ಜ್ಯಾಕ್ ನಂಬಬಾರದು. ಬೋಲ್ಟು ಬಿಚ್ಚಿ ತಂತಿ ಬ್ರಷ್‌ನಿಂದ ತುಕ್ಕು ಉಜ್ಜಿ, ನಾಲ್ಕು ದಿನ ಬೆಳಿಗ್ಗೆ ಸಂಜೆ ಸಂದಿಗೆ ಡೀಸೆಲ್ ಬಿಟ್ಟು ಹಬ್ಬನ್ನು ಸುತ್ತಲೂ ಮೆಲ್ಲಗೆ ತಟ್ಟಿದರು. ಐದನೇ ದಿನ ಡೀಸೆಲ್ ಒರೆಸಿ ಒಣಗಿಸಿ, ಟೈರನ್ನು ರಿಮ್ಮಿನಿಂದ ಪೂರ್ತಿ ತೆಗೆದಿಟ್ಟರು. ಗಾಳಿ ತುಂಬಿದ ಟೈರು ಇರುವಾಗ ಬೆಂಕಿ ತೋರಿಸಿದರೆ ಬಾಂಬಿನಂತೆ ಸಿಡಿದು ಪ್ರಾಣ ಹೋದೀತು. ಆಮೇಲೆ ಮೂರು ಕಾಲಿನ ಪುಲ್ಲರ್ ಹಾಕಿ ಬಿಗಿದು, ಆಕ್ಸಲ್ಲಿಗೆ ತಾಗದಂತೆ ಹಬ್ಬನ್ನು ಮಾತ್ರ ಕಾಯಿಸಿದರು. ಎರಡು ಸುತ್ತು ಬಿಗಿಯುವುದು, ಕಾಯುವುದು, ಮತ್ತೆ ತಟ್ಟುವುದು. ಮಧ್ಯಾಹ್ನದ ಹೊತ್ತಿಗೆ "ಟಣ್" ಎಂದು ಸದ್ದಾಗಿ ಹಬ್ ಬೆರಳಗಲ ಜರುಗಿತು. ನೆರೆದವರೆಲ್ಲ ಜಾತ್ರೆಯಲ್ಲಿ ತೇರು ಹೊರಟಂತೆ ಕೂಗಿದರು! ಅರಳಿದ ತುದಿಯನ್ನು ಅರದಿಂದ ಉಜ್ಜಿ ಸರಿಮಾಡಿ, ದಂಡಿಗೆ ಗ್ರೀಸ್ ಬಳಿದು ಗಾಲಿ ಕೂರಿಸಿದರು. ಆ ಟಿಲ್ಲರು ಈಗಲೂ ತೋಟ ಉಳುತ್ತಿದೆ.

ಆ ಪುಲ್ಲರನ್ನು ಪಕ್ಕದ ಊರಿನಿಂದ ಬೇಡಿ ತಂದಿದ್ದೆವು. ವರ್ಷಕ್ಕೊಮ್ಮೆ ಬೇಕಾಗುವ ಸಾಮಾನನ್ನು ಒಬ್ಬೊಬ್ಬ ರೈತನೂ ಕೊಂಡಿಡಲು ಆಗುವುದಿಲ್ಲ. ಔಷಧಿ ಹೊಡೆಯುವ ಪಂಪನ್ನು ನಮ್ಮ ಸಂಘ ಬಾಡಿಗೆಗೆ ಕೊಡುತ್ತಿರುವ ಹಾಗೆ ಒಂದು ದೊಡ್ಡ ಪುಲ್ಲರ್, ಒಂದು ಜ್ಯಾಕ್, ನಾಲ್ಕು ದಿಮ್ಮಿ ಗೋದಾಮಿನಲ್ಲಿ ಇಡೋಣ ಎಂದು ಆಡಳಿತ ಮಂಡಳಿಯಲ್ಲಿ ನಾನು ಕೇಳಿದ್ದೇನೆ. ವಿಷಯ ಮುಂದಿನ ಮಹಾಸಭೆಯ ಮುಂದೆ ಬರಲಿದೆ. ಸದಸ್ಯರು ತಪ್ಪದೆ ಬಂದು ಬೇಕು ಬೇಡ ಹೇಳಬೇಕಾಗಿ ವಿನಂತಿ.