ಆಮ್ಲಜನಕವೆಂಬ ಹೆಸರು

ಭೀಮಾತೀರದ ಭಂಡಾರಕವಠೆಯ ಕಡೆಯಲ್ಲಿ ಕನ್ನಡ ಓದುವ ಬಾಲಕನು ‘ಆಮ್ಲಜನಕ’ವೆನ್ನುತ್ತಾನೆ, ಮರಾಠಿಯಲ್ಲಿ ಆ ವಾಯುವಿಗೆ ‘ಪ್ರಾಣವಾಯು’ವೆಂದು ಹೆಸರು. ಯಾವುದು ಸರಿಯೆಂದು ಅವನು ಕೇಳಿದರೆ ನಾವೇನು ಹೇಳೋಣ?

ಫ್ರಾನ್ಸಿನ ಲಾವಾಸಿಯೆ ಪಂಡಿತನು ಆಮ್ಲಗಳಿಗೆಲ್ಲ ಈ ವಾಯುವೇ ಮೂಲವೆಂದು ಭಾವಿಸಿದ್ದನು. 1787ರ ರಸಾಯನ ನಾಮಕರಣ ಗ್ರಂಥದಲ್ಲಿ ಆ ಅರ್ಥದ ಹೆಸರೇ ನೆಲೆಗೊಂಡಿತು. ಕನ್ನಡದ ಹೆಸರು ಅದರ ಅನುವಾದ. 1810ರಲ್ಲಿ ಇಂಗ್ಲೆಂಡಿನ ಡೇವಿಯು ಕ್ಲೋರೀನು ಮೂಲವಸ್ತುವೆಂದು ಸಾರಿದನು. ಉಪ್ಪಿನಿಂದ ಮಾಡುವ ಆಮ್ಲದಲ್ಲಿ ಆಮ್ಲಜನಕದ ಲೇಶವೂ ಇಲ್ಲವೆಂದಾಯಿತು! ಮತವು ಬಿದ್ದುಹೋದರೂ ಹೆಸರು ಉಳಿದುಕೊಂಡಿತು. ‘ಜಲಜನಕ’ದ ಮಾತು ಬೇರೆ, ಅದು ಉರಿದರೆ ನೀರೇ ಆಗುವುದು.

ಬೆಂಗಳೂರಿನಲ್ಲಿ 1918ರಲ್ಲಿ ಬೆಳ್ಳಾವೆ ವೆಂಕಟನಾರಣಪ್ಪನವರೂ ನಂಗಪುರಂ ವೆಂಕಟೇಶ ಅಯ್ಯಂಗಾರ್ಯರೂ ‘ವಿಜ್ಞಾನ’ ಮಾಸಪತ್ರಿಕೆಯನ್ನು ಹೊರಡಿಸಿ ಶಾಸ್ತ್ರವಿಷಯಗಳನ್ನು ಕನ್ನಡದಲ್ಲಿ ಬರೆಯತೊಡಗಿದರು. ‘ಪ್ರಾಣವಾಯು’ವೂ ನಿರ್ದೋಷವಲ್ಲ, ಯೋಗಶಾಸ್ತ್ರದಲ್ಲಿ ಅದು ಪಂಚವಾಯುಗಳಲ್ಲೊಂದು. ಆದುದರಿಂದ ಎರಡನ್ನೂ ಕರಿಹಲಗೆಯ ಮೇಲೆ ಬರೆದು ಡೇವಿಯ ವೃತ್ತಾಂತವನ್ನು ಹೇಳುವುದೇ ನಮಗೆ ಯುಕ್ತವಾಗಿ ತೋರುತ್ತದೆ.