ಬಂಡೆ, ಗರಿಕೆ, ನೀರು: ಗುಡ್ಡಗಾಡಿನ ಗಾಲ್ಫ್ ಮೈದಾನ

ಬಿಡದಿಯ ಈಗಲ್‌ಟನ್ ರೆಸಾರ್ಟ್ ಎಂದರೆ ಕನ್ನಡಿಗರಿಗೆ ನೆನಪಾಗುವುದು ಶಾಸಕರು. 2017ರಲ್ಲಿ ಗುಜರಾತಿನ ಕಾಂಗ್ರೆಸ್ ಶಾಸಕರು, ಮರುವರ್ಷ ನಮ್ಮ ರಾಜ್ಯದವರೇ ಅಲ್ಲಿ ತಂಗಿದ್ದನ್ನು ಟಿ.ವಿ.ಯಲ್ಲಿ ಎಲ್ಲರೂ ನೋಡಿದರು. ಅದರ ಏರಿಳಿತದ 18 ಹೋಲ್‌ಗಳ ಮೈದಾನದ ಬಗ್ಗೆ ಮಾತಾಡಿದವರು ಕಡಿಮೆ. ಗಾಲ್ಫ್ ವಿನ್ಯಾಸ ಎಲ್ಲಿಂದ ಎಲ್ಲಿಗೆ ಬಂದಿದೆ ಎಂದು ತಿಳಿಯಲು ಈ ಕಲ್ಲುಗುಡ್ಡಗಳ ಸೀಮೆ ಒಳ್ಳೆಯ ಜಾಗ.

ಮೊದಲು ಗಾಲ್ಫಿಗೆ ವಿನ್ಯಾಸಕಾರರೇ ಇರಲಿಲ್ಲ. ಸ್ಕಾಟ್‌ಲೆಂಡಿನ ಕಡಲಂಚಿನ ಮರಳುದಿಬ್ಬಗಳು ಇದ್ದ ಹಾಗೇ ಮೈದಾನವಾದವು. ಸೇಂಟ್ ಆಂಡ್ರೂಸ್‌ನಲ್ಲಿ 22 ಹೋಲ್‌ಗಳು 18ಕ್ಕೆ ಇಳಿದದ್ದು 1764ರಲ್ಲಿ. ಬ್ರಿಟಿಷರೊಂದಿಗೆ ಆಟ 1829ರಲ್ಲಿ ಕಲ್ಕತ್ತೆಗೆ, 1876ರಲ್ಲಿ ಬೆಂಗಳೂರಿಗೆ ಬಂತು. ಹುಲ್ಲು ನಿಲ್ಲದ ಕಡೆ ಎಣ್ಣೆ ಬೆರೆಸಿದ ಮರಳನ್ನೇ ಹರಡಿ ಆಡಿದರು. ಕುಳಿಯ ಸುತ್ತಲಿನ ನುಣ್ಣನೆಯ ಹುಲ್ಲುಹಾಸು ‘ಗ್ರೀನ್’ ಆದರೆ, ಈ ಮರಳಿನದಕ್ಕೆ ‘ಬ್ರೌನ್’ ಎಂಬ ಹೆಸರು. ಬಂಕರ್‌ಗಳು, ಅಂದರೆ ಆಟಕ್ಕೆ ಅಡ್ಡಿಯಾಗುವ ಮರಳುಗುಂಡಿಗಳು, ನಿಸರ್ಗವೇ ಮಾಡಿದಂತೆ ಕಾಣಬೇಕು ಎಂಬ ವಾದವನ್ನು ವಿನ್ಯಾಸಕಾರ ಆಲಿಸ್ಟರ್ ಮೆಕೆಂಜಿ 1920ರ ತಮ್ಮ ಪುಸ್ತಕದಲ್ಲಿ ಮಂಡಿಸುವ ಹೊತ್ತಿಗೆ ವಿನ್ಯಾಸ ಒಂದು ವೃತ್ತಿಯಾಗಿತ್ತು. ಬುಲ್ಡೋಜರ್ ಬಂದ ಮೇಲೆ ಬೇಕಾದಲ್ಲಿ ದಿಬ್ಬ, ಬೇಕಾದಲ್ಲಿ ಕೆರೆ ಎಬ್ಬಿಸುವುದು ರೂಢಿಯಾಯಿತು. ಬಿಡದಿಯಲ್ಲೂ ನಂದಿಬೆಟ್ಟದ ತಪ್ಪಲಲ್ಲೂ ಎದ್ದ ರೆಸಾರ್ಟ್ ಮೈದಾನಗಳು ಆ ಕಾಲದ ಕೂಸುಗಳು.

ಆದರೆ ರಾಮನಗರದ ಬಂಡೆ ಬುಲ್ಡೋಜರಿಗೆ ಸುಲಭವಾಗಿ ಬಗ್ಗುವುದಿಲ್ಲ. ಊರಿನ ಹಳೆಯ ಹೆಸರನ್ನೇ ಹೊತ್ತ ಕ್ಲೋಸ್‌ಪೇಟೆ ಗ್ರಾನೈಟ್ ಸುಮಾರು 250 ಕೋಟಿ ವರ್ಷ ಹಳೆಯದು. ಅದರ ಮೇಲಿನ ಮಣ್ಣು ಎಷ್ಟೋ ಕಡೆ ತೀರ ತೆಳು. ಇಂಥಲ್ಲಿ ಜಾಣ ವಿನ್ಯಾಸಕಾರ ಗುಡ್ಡ ಕಡಿಯುವುದಿಲ್ಲ. ಮೊದಲ ಹೊಡೆತದ ಜಾಗವಾದ ಟೀಯನ್ನು ಎತ್ತರದಲ್ಲಿಟ್ಟು, ಚೆಂಡು ತಗ್ಗಿನ ಮೇಲೆ ಹಾರುವಂತೆ ಮಾಡುತ್ತಾನೆ. ಟೀಯಿಂದ ಗ್ರೀನಿನವರೆಗಿನ ಹುಲ್ಲುದಾರಿಯಾದ ಫೇರ್‌ವೇಯನ್ನು ಇಳಿಜಾರಿಗೆ ಅಡ್ಡಲಾಗಿ ಹಾಯಿಸುತ್ತಾನೆ. ಬಂಡೆಯನ್ನೇ ಆಟದ ಅಡ್ಡಿಯಾಗಿ ಉಳಿಸಿಕೊಳ್ಳುತ್ತಾನೆ.

ನಿಜವಾದ ಕಸುಬು ಗ್ರೀನಿನ ಅಡಿಯಲ್ಲಿದೆ. ಅಮೆರಿಕದ ಗಾಲ್ಫ್ ಸಂಘ 1960ರಲ್ಲಿ ಪ್ರಕಟಿಸಿದ ಪದ್ಧತಿಯ ಪ್ರಕಾರ, ತಳದಲ್ಲಿ ನೀರು ಬಸಿಯುವ ಪೈಪು, ಅದರ ಮೇಲೆ 10 ಸೆಂ.ಮೀ. ಜಲ್ಲಿ, ಅದರ ಮೇಲೆ 30 ಸೆಂ.ಮೀ. ಮರಳು. ಹುಲ್ಲು ಬರ್ಮುಡಾ, ಅಂದರೆ ಗಣಪತಿಗೆ ಏರಿಸುವ ಗರಿಕೆಯದೇ ಕುಲ. ಅದರ ಕುಬ್ಜ ತಳಿಗಳನ್ನು ಮೂರು–ನಾಲ್ಕು ಮಿಲಿಮೀಟರಿಗೆ ಕತ್ತರಿಸುತ್ತಾರೆ. ಇಷ್ಟು ಗಿಡ್ಡ ಹುಲ್ಲು ಮರಳಲ್ಲಿ ಬದುಕಬೇಕಾದರೆ ನೀರು ತಪ್ಪುವಂತಿಲ್ಲ.

ತೊಡಕಿರುವುದೇ ಇಲ್ಲಿ. ಬಿಡದಿ ಬಳಿಯ ಬೈರಮಂಗಲ ಕೆರೆಗೆ ವೃಷಭಾವತಿ ನದಿ ಹೊತ್ತು ತರುವುದು ಬೆಂಗಳೂರಿನ ಕೊಳಚೆ. ಕನಕಪುರ, ಮಾಗಡಿಯ ರೇಷ್ಮೆ ಬೆಳೆಗಾರನ ಹಿಪ್ಪುನೇರಳೆಗೂ ಕೊಳವೆಬಾವಿಯೇ ಆಸರೆ. ಸಂಸ್ಕರಿಸಿದ ನೀರು ಬಳಸುವುದು ಒಂದು ದಾರಿ. ಹುಲ್ಲಿನ ಹರವನ್ನೇ ತಗ್ಗಿಸುವುದು ಇನ್ನೊಂದು. ಮರುಭೂಮಿಯ ಅರಿಜೋನಾ 1980ರ ದಶಕದಲ್ಲಿ 18 ಹೋಲ್‌ಗಳ ಹೊಸ ಮೈದಾನದ ನೀರುಣ್ಣುವ ಹುಲ್ಲಿಗೆ ಸುಮಾರು 90 ಎಕರೆಯ ಮಿತಿ ಹಾಕಿತು. ಟೀ, ಗ್ರೀನ್, ಚೆಂಡು ಬೀಳುವ ಜಾಗ ಮಾತ್ರ ಹಸಿರು. ಮಿಕ್ಕದ್ದು ಅಲ್ಲಿನದೇ ಕುರುಚಲು. ನಮ್ಮ ಸೀಮೆಗೆ ಒಪ್ಪುವ ಮಾದರಿ ಅದೇ. ಇಲ್ಲಿ ಕುರುಚಲಿಗೂ ಬಂಡೆಗೂ ಬರವಿಲ್ಲ.